ಬೀರುವಿನ ಒಳಗೆ ಆಟ, ಹೊರಗೆ ತಿರುಗದ ಚಕ್ರ

ಸೇಲಂನಲ್ಲಿರೋ ನಮ್ಮ ತಂಗಿಯ ಮೊಮ್ಮಗ ಒಂದು ಆಟದ ಪೆಟ್ಟಿಗೆ ಮಾಡವ್ನೆ. ಪೆಟ್ಟಿಗೆ ಅಂದರೆ ಕೈಯಲ್ಲಿ ಹಿಡಿಯೋ ಅಂಥದ್ದಲ್ಲ, ಆಳೆತ್ತರದ ತೇಗದ ಬೀರು. ತಂಗಿ ಮದುವೇಲಿ ನಮ್ಮವ್ವ ಕೊಟ್ಟಿದ್ದು. ಅದರ ಮೇಲುಬಾಗಿಲು ಬಿಚ್ಚಿ, ಒಳಗೆ ಪರದೆ ಕೂರಿಸಿ, ಹೊಟ್ಟೆ ಮಟ್ಟಕ್ಕೆ ಒಂದು ಹಲಗೆ ಚಾಚಿ, ಹಲಗೆ ಮೇಲೆ ಒಂದು ಹಿಡಿಕೆ, ಆರು ಗುಂಡಿ ಜೋಡಿಸವ್ನೆ. ಸುತ್ತಾ ಹಿತ್ತಾಳೆಯ ಹಲ್ಲುಚಕ್ರ, ತಾಮ್ರದ ಕೊಳವೆ, ಗಾಜಿನ ಮುಖದ ಮುಳ್ಳು ಮೀಟರು. ನೆತ್ತಿ ಮೇಲೆ ಹಳದಿ ಬಲ್ಬು. ಪ್ಲಗ್ ಚುಚ್ಚಿದರೆ ಹಳೇ ವಿಡಿಯೋ ಗೇಮು ಬರ್ತೈತೆ. ತೊಂಬತ್ತರ ದಶಕದಲ್ಲಿ ಪೇಟೆ ಬೀದಿಯ ಅಂಗಡೀಲಿ ಹುಡುಗರು ಒಂದು ರೂಪಾಯಿ ಬಿಲ್ಲೆ ಹಾಕಿ ನಿಂತೇ ಆಡ್ತಿದ್ದರಲ್ಲ, ಅವೇ ಆಟ.

ನಮ್ಮ ವಾಚನಾಲಯದ ಪುಸ್ತಕಕ್ಕೆ ನಾನು ಇದುವರೆಗೂ ಬರೆದಿದ್ದು ಮಾದಪ್ಪನ ಪದದ ವಿಚಾರ, ತೆರುಕೂತಿನ ವಿಚಾರ. ಈ ಸಲ ಒಂದು ಬೀರುವಿನ ಮೇಲೆ ವಿಮರ್ಶೆ ಬರೀತೀನಿ ಅಂದಾಗ ಒಬ್ಬ ಮೇಷ್ಟ್ರು ನಕ್ಕರು. ನಗಲಿ. ಪದ ಹೇಳೋನು ಚೆನ್ನಾಗಿ ಹೇಳಿದ್ನಾ ಇಲ್ವಾ ಅಂತ ನಾವು ಹೆಂಗೆ ತೂಗ್ತೀವೋ ಹಂಗೇ ಕೈಕೆಲಸಾನೂ ತೂಗಬೌದು. ಎಲ್ಲಿ ಶ್ರುತಿ ಸೇರೈತೆ, ಎಲ್ಲಿ ಬರೀ ಗಂಟಲು ಜೋರು ಮಾಡವ್ನೆ, ಅಷ್ಟೇ ತಾನೇ ನೋಡಬೇಕಾದ್ದು.

ಈ ಧಾಟಿಗೆ ಸ್ಟೀಮ್‌ಪಂಕ್ ಅಂತ ಹೆಸರಂತೆ. ಸ್ಟೀಮ್ ಅಂದರೆ ಹಬೆ. ನಮ್ಮ ಮನೆಯಾಕೆ ಅದೊಂದು ಇಡ್ಲಿ ಥರದ ತಿಂಡಿ ಅಂತಲೇ ತಿಳಿದಿದ್ದಳು. 1987ರಲ್ಲಿ ಅಮೆರಿಕದ ಕೆ. ಡಬ್ಲ್ಯು. ಜೀಟರ್ ಅನ್ನೋ ಕಥೆಗಾರ ಒಂದು ಪತ್ರಿಕೆಗೆ ಬರೆದ ಕಾಗದದಲ್ಲಿ ಅರ್ಧ ತಮಾಷೆಗೆ ಹುಟ್ಟಿಸಿದ ಮಾತು ಇದು. ಪೆಟ್ರೋಲು, ಕರೆಂಟು ಬರೋ ಮುಂಚೆ ಹಬೆ ಯಂತ್ರದ ಕಾಲ ಇತ್ತಲ್ಲ, ಆ ಕಾಲವೇ ಮುಂದುವರಿದಿದ್ದರೆ ಈಗಿನ ಸಾಮಾನೆಲ್ಲ ಹೆಂಗಿರ್ತಿತ್ತು ಅಂತ ಕಲ್ಪನೆ ಮಾಡಿಕೊಂಡು ಬರೆಯೋ ಕಥೆಗಳಿಗೆ ಆ ಹೆಸರು ನಿಂತಿತು. 1990ರಲ್ಲಿ ಗಿಬ್ಸನ್, ಸ್ಟರ್ಲಿಂಗ್ ಅಂತ ಇಬ್ಬರು ಸೇರಿ ಒಂದು ಕಾದಂಬರಿ ಬರೆದರು. ಇಂಗ್ಲೆಂಡಿನ ಬ್ಯಾಬೇಜ್ ಅನ್ನೋ ಲೆಕ್ಕದ ಪಂಡಿತ ಕಟ್ಟಬೇಕು ಅಂದುಕೊಂಡಿದ್ದ ಹಲ್ಲುಚಕ್ರದ ಗಣಕಯಂತ್ರ ನಿಜವಾಗಿಯೂ ತಯಾರಾಗಿ ಊರು ಆಳಿದ್ದರೆ ಅನ್ನೋದು ಅದರ ಕಥೆ. ಕಥೆಯಿಂದ ಅದು ಬಟ್ಟೆಗೆ ಬಂತು, ಟೋಪಿಗೆ ಬಂತು, ಈಗ ನಮ್ಮ ತಂಗಿ ಬೀರುವಿಗೂ ಬಂತು.

ಮೊದಲು ಒಳ್ಳೇದು ಹೇಳ್ತೀನಿ, ಯಾಕಂದರೆ ಒಳ್ಳೇದೂ ಬಹಳ ಐತೆ.

ಬೀರುವಿಗೆ ಹುಡುಗ ಒಂದು ಹೊಸ ಮೊಳೆ ಹೊಡೆದಿಲ್ಲ. ಆ ಕಾಲದ ಆಚಾರಿ ಕಿವಿ ಕೊರೆದು ಬೆಣೆ ಸೇರಿಸಿ ನಿಲ್ಲಿಸಿದ್ದ ಚೌಕಟ್ಟು ಹಂಗೇ ಐತೆ. ಪರದೆಯನ್ನ ಬೇರೆ ಒಂದು ಚೌಕಟ್ಟಿಗೆ ಕಟ್ಟಿ ಒಳಕ್ಕೆ ಜಾರಿಸವ್ನೆ. ನಾಳೆ ಬೇಡ ಅಂದರೆ ಎಳೆದು ತೆಗೆದು, ಬಾಗಿಲು ತಿರುಗಿ ಸಿಕ್ಕಿಸಿ ಸೀರೆ ಇಡಬೌದು. ಚಾಚಿರೋ ಹಲಗೆಯೂ ಹಳೇ ಬಾಗಿಲಿನದೇ. ಬಣ್ಣ ಬಳಿದಿಲ್ಲ. ಅರಗಿನ ಪಾಲಿಶ್ ತಾನೇ ಕಲಸಿ, ಬಟ್ಟೆ ಉಂಡೆಯಲ್ಲಿ ಒತ್ತಿ ಒತ್ತಿ ಹಚ್ಚವ್ನೆ. ಬಾಗಿಲ ಅಂಚಿನಲ್ಲಿ ಕೈ ಹಿಡಿದು ಹಿಡಿದು ಕಪ್ಪಾಗಿದ್ದ ಜಾಗವನ್ನ ಉಪ್ಪುಕಾಗದದಲ್ಲಿ ಉಜ್ಜಿ ಅಳಿಸಿಲ್ಲ. ಅಲ್ಲಿ ಇನ್ನೂ ನಮ್ಮ ತಂಗಿಯ ಕೈಗುರುತು ಐತೆ. ಇದನ್ನ ನೋಡಿದ ಮೇಲೆ ಹುಡುಗನಿಗೆ ಕೈ ಐತೆ, ಕಣ್ಣೂ ಐತೆ ಅಂತ ಒಪ್ಪಿಕೊಂಡೆ.

ಒಳಗಿನ ಮಿದುಳು ರಾಸ್ಪ್‌ಬೆರಿ ಪೈ ಅನ್ನೋ ಒಂದು ಹಸಿರು ಬಿಲ್ಲೆ. ರೇಷನ್ ಸ್ಮಾರ್ಟ್ ಕಾರ್ಡಿನಷ್ಟು ಅಗಲ. 2012ರಲ್ಲಿ ಇಂಗ್ಲೆಂಡಿನವರು ಶಾಲೆ ಮಕ್ಕಳು ಕಂಪ್ಯೂಟರ್ ಕೆಲಸ ಕಲೀಲಿ ಅಂತ ಕಡಿಮೆ ದುಡ್ಡಿಗೆ ಹೊರತಂದಿದ್ದು. ಗುಂಡಿ ಒತ್ತಿದರೆ ಅದರ ತಳದಲ್ಲಿರೋ ಸಣ್ಣ ಸ್ವಿಚ್ಚು 'ಟಿಕ್' ಅಂತೈತೆ, ಅಲ್ಲಿಂದ ತಂತಿ ಒಂದು ಪುಟ್ಟ ಹಲಗೆಗೆ ಹೋಗ್ತೈತೆ, ಅದು ಬಿಲ್ಲೆಗೆ ಸುದ್ದಿ ಮುಟ್ಟಿಸ್ತೈತೆ. ಬಿಸಿ ಹೋಗೋಕೆ ಬೀರುವಿನ ಬೆನ್ನಿಗೆ ತೂತು ಬಿಟ್ಟು ಫ್ಯಾನು ಇಟ್ಟವ್ನೆ. ನನಗೆ ಮೆಚ್ಚಿಗೆಯಾಗಿದ್ದು ಆ ಗುಂಡಿಗಳ ಸದ್ದು. ಆರಕ್ಕೆ ಆರೂ ಒಂದೇ ಹದದಲ್ಲಿ ಬೀಳ್ತವೆ. ಕಂಸಾಳೆ ಹೊಡೆಯೋನಿಗೆ ಗೊತ್ತು, ಬಟ್ಟಲು ಮೇಲೆ ತಟ್ಟೆ ಬಿದ್ದಾಗ ಕೈಗೆ ಒಂದು ಉತ್ತರ ಬರಬೇಕು. ಉತ್ತರ ಕೊಡದ ತಾಳ ತಾಳವಲ್ಲ. ಮೊಬೈಲ್ ಗಾಜಿನ ಮೇಲೆ ಬೆರಳು ಉಜ್ಜೋ ಆಟದಲ್ಲಿ ಅದು ಇಲ್ಲ. ಇಲ್ಲಿ ಐತೆ. ನಾಲ್ಕು ಮಕ್ಕಳು ಬೀರುವಿನ ಮುಂದೆ ನಿಂತು, ಒಬ್ಬ ಆಡಿ ಮೂವರು ಕೂಗಿ, ಸರದಿಗೆ ಜಗಳ ಆಡೋದು ನೋಡಿದೆ. ಒಬ್ಬೊಬ್ಬನೇ ಮೂಲೆ ಹಿಡಿದು ಕೂತಿರೋ ಕಾಲದಲ್ಲಿ ನಿಂತು ಆಡೋ ಆಟ ಬಂದಿದ್ದು ನನಗಂತೂ ಸಂತೋಷವೇ.

ನಮ್ಮ ಕಡೆಯ ಕೆಲವರು ಹಳೇ ಬೀರುವನ್ನ ಕೆಡಿಸಿಬಿಟ್ಟ ಅಂತಾರೆ. ಆ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಅದು ಎಲ್ಲಿತ್ತು? ಹಿತ್ತಲ ಕೊಟ್ಟಿಗೆಯಲ್ಲಿ ಹಿಂಡಿಮೂಟೆ ಹೊತ್ತು ನಿಂತಿತ್ತು. ಒಂದು ಕಾಲಿಗೆ ಗೆದ್ದಲು ಹತ್ತಿತ್ತು. ಇನ್ನೆರಡು ಮಳೆಗಾಲ ಕಳೆದಿದ್ದರೆ ಒಲೆಗೆ ಹೋಗ್ತಿತ್ತು, ಇಲ್ಲವಾದರೆ ಹಳೇ ಸಾಮಾನಿನ ವ್ಯಾಪಾರಿಗೆ. ಕಾರೈಕುಡಿಗೆ ಹೋದವರಿಗೆ ಗೊತ್ತು, ಚೆಟ್ಟಿನಾಡಿನ ದೊಡ್ಡ ಮನೆಗಳಿಂದ ಕಿತ್ತು ತಂದ ಬಾಗಿಲು, ಕಂಬ, ಪೆಟ್ಟಿಗೆ, ದೀಪ ಎಲ್ಲಾ ಅಲ್ಲಿ ಬೀದಿ ಉದ್ದಕ್ಕೂ ಮಾರಾಟಕ್ಕೆ ನಿಂತಿರ್ತವೆ. ಅಲ್ಲಿಂದ ಯಾವುದೋ ಊರಿನ ಹೋಟೆಲಿಗೆ ಹೋಗಿ ಗಾಜು ಹಾಸಿಕೊಂಡು ಮೇಜಾಗಿ ಬಿದ್ದಿರ್ತವೆ. ಅದಕ್ಕಿಂತ ಇದು ಮೇಲು. ಮನೇದು ಮನೇಲೇ ಐತೆ.

ಇನ್ನು ನನಗೆ ಹಿಡಿಸದೇ ಇದ್ದದ್ದು.

ಚಕ್ರ ತಿರುಗಲ್ಲ. ಹದಿನಾಲ್ಕು ಹಲ್ಲುಚಕ್ರ ಎಣಿಸಿದೆ, ಗೋಡೆ ಗಡಿಯಾರದ್ದು, ಹೊಲಿಗೆ ಯಂತ್ರದ್ದು, ಒಂದು ಯಾವುದೋ ಪಂಪಿನದು. ಹದಿನಾಲ್ಕನ್ನೂ ಅಂಟು ಹಾಕಿ ಕೂರಿಸವ್ನೆ. ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚೋದೂ ಇಲ್ಲ. ಕೊಳವೆ ಎಲ್ಲಿಂದಲೂ ಹೊರಟಿಲ್ಲ, ಎಲ್ಲಿಗೂ ಮುಟ್ಟಿಲ್ಲ. ಮೀಟರಿನ ಮುಳ್ಳು ಸೊನ್ನೆ ಮೇಲೆ ಸತ್ತು ಮಲಗೈತೆ. ನಾನು ಕೇಳಿದೆ, "ಇದೇನು ಅಳೀತೈತೆ ಮಗಾ?" "ಏನೂ ಇಲ್ಲ ತಾತ, ಲುಕ್ಕಿಗೆ" ಅಂದ.

ತೆರುಕೂತಿನಲ್ಲಿ ದುರ್ಯೋಧನನ ಕಿರೀಟ ನಿಜವಾದ ಚಿನ್ನವಾ ತಾತ, ಅದೂ ಮರ, ಕನ್ನಡಿ ಚೂರು, ಬಣ್ಣದ ಕಾಗದ ತಾನೇ, ಅಂತ ಹುಡುಗ ನನ್ನನ್ನೇ ತಿರುಗಿಸಿ ಕೇಳಿದ. ಒಳ್ಳೇ ಪ್ರಶ್ನೆ, ಎರಡು ದಿನ ನನ್ನ ತಲೇಲಿ ಕೊರೀತು. ಕಿರೀಟ ಸುಳ್ಳೇ. ಆದರೆ ಅದು ಸುಮ್ಮನೆ ಕೂರಲ್ಲ. ತಲೆ ಮೇಲೆ ಆ ಭಾರ ಏರಿದ ಗಳಿಗೆಯಿಂದ ಹಗಲೆಲ್ಲಾ ಮರಗೆಣಸು ಕಿತ್ತು ಬಗ್ಗಿದ್ದ ಆಳಿನ ಬೆನ್ನು ನೆಟ್ಟಗಾಗ್ತೈತೆ. ಕತ್ತು ತಿರುಗಿಸೋ ರೀತಿ ಬದಲಾಗ್ತೈತೆ. ಅವನು ಗಿರಕಿ ಹೊಡೆದಾಗ ಕನ್ನಡಿ ಚೂರು ಬೆಳಕು ಹಿಡಿದು ಕೊನೇ ಸಾಲಿನ ಮುದುಕಿಯ ಕಣ್ಣಿಗೂ ಎಸೀತೈತೆ. ಅಂದರೆ ಆ ಸುಳ್ಳು ಸಾಮಾನು ಇಡೀ ರಾತ್ರಿ ದುಡೀತೈತೆ. ಬೀರುವಿನ ಚಕ್ರ ದುಡಿಯಲ್ಲ. ಅದನ್ನ ಕಿತ್ತು ಹಾಕಿದರೂ ಆಟ ಹಂಗೇ ನಡೀತೈತೆ, ಆಡೋನ ಕೈಗೆ ಏನೂ ಕಮ್ಮಿಯಾಗಲ್ಲ. ಪದದಲ್ಲಿ ಉಸಿರು ತುಂಬೋಕೆ ಸೇರಿಸೋ ಸೊಲ್ಲು ಬೇರೆ, ಅರ್ಥ ಇಲ್ಲದೆ ತುರುಕಿದ ಮಾತು ಬೇರೆ. ಈ ಹದಿನಾಲ್ಕು ಚಕ್ರ ಎರಡನೇ ಜಾತಿ.

ಹಬೆಯ ಕಾಲ ಅಂತ ಈ ಜನ ಕನಸು ಕಾಣೋ ಕಾಲ ನಮ್ಮ ಸೀಮೆಗೂ ಬಂದಿತ್ತು ಅನ್ನೋದು ಹುಡುಗನಿಗೆ ಗೊತ್ತೇ ಇರಲಿಲ್ಲ. 1830ರ ಹೊತ್ತಿಗೆ ಹೀತ್ ಅನ್ನೋ ಇಂಗ್ಲಿಷಿನವನು ಪರಂಗಿಪೇಟೆಯಲ್ಲಿ ಕಬ್ಬಿಣದ ಕಾರ್ಖಾನೆ ಹಾಕಿದಾಗ ಅದಿರು ಹೋಗಿದ್ದು ಸೇಲಂ ಸೀಮೆಯಿಂದ. ಕರಗಿಸೋಕೆ ಬೇಕಾಗಿದ್ದು ಇದ್ದಿಲು, ಇದ್ದಿಲಿಗೆ ಕಾಡು. 1860ರ ದಶಕದ ಮೊದಲಿಗೆ ಮದರಾಸಿನ ರೈಲು ಸೇಲಂ ಮುಟ್ಟಿತು. 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ಎರಡೂವರೆ ಅಡಿ ಅಗಲದ ಹಳಿ ಮೇಲೆ ಪುಟ್ಟ ರೈಲು ಬಂತು, 1913ರಲ್ಲಿ ಹೊಸೂರು ತನಕ ಹೋಯಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಆ ಹಳಿಯನ್ನೇ ಕಿತ್ತುಕೊಂಡು ಹೋದರು. ಬರಕ್ಕೆ ಪರಿಹಾರ ಅಂತ ಹಾಕಿದ ಹಳಿ ಯುದ್ಧದ ಕಬ್ಬಿಣವಾಯಿತು.

ಬರ ಅಂದೆನಲ್ಲ. ದಾತು ವರ್ಷದ ಬರದ ಮಾತು ನಮ್ಮ ಅಜ್ಜಿಯರ ಬಾಯಲ್ಲಿ ಇತ್ತು, 1876ರಿಂದ 78. ಸರ್ಕಾರದ ಜನಗಣತಿಯನ್ನ ಮೇಷ್ಟ್ರು ಓದಿ ಹೇಳಿದರು. ಸೇಲಂ ಜಿಲ್ಲೆಯಲ್ಲಿ 1871ರಲ್ಲಿ ಸುಮಾರು 19 ಲಕ್ಷದ 60 ಸಾವಿರ ಜನ ಇದ್ದರು, 1881ರಲ್ಲಿ 16 ಲಕ್ಷಕ್ಕೆ ಇಳಿದಿತ್ತು. ರೈಲು ಓಡ್ತಾನೇ ಇತ್ತು ಆವಾಗ. ಹಬೆಯ ಕಾಲದ ಹಿತ್ತಾಳೆ ಬೆಳಗಿ ಮನೇಲಿ ಇಟ್ಟುಕೋ ಬೇಡ ಅಂತ ನಾನು ಹೇಳಲ್ಲ. ಚಂದವಾದದ್ದು ಚಂದವೇ. ಆದರೆ ಆ ಕಾಲದ ಟೋಪಿ, ಕೋಟು, ಕನ್ನಡಕ ಮಾತ್ರ ಕಂಡು ಅದರ ಹೊಟ್ಟೆ ಕಾಣದೇ ಹೋದರೆ ಅದು ಅರ್ಧ ಪದ ಹೇಳಿ ಎದ್ದು ಹೋದ ಹಾಗೆ.

ನಿಜವಾದ ಹಬೆ ಬೇಕು ಅಂದರೆ ಬೀರುವಿನ ಹಿಂದಿನ ಪ್ಲಗ್ ನೋಡು ಅಂತ ಹೇಳಿದೆ ಅವನಿಗೆ. ಅಣೆಕಟ್ಟಿನ ಪಕ್ಕದ ಮೇಟೂರು ಥರ್ಮಲ್‌ನಲ್ಲಿ 210 ಮೆಗಾವ್ಯಾಟಿನ ನಾಲ್ಕು, 600 ಮೆಗಾವ್ಯಾಟಿನದೊಂದು ಯಂತ್ರ ಅವೆ. ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ಹಬೆ ನುಗ್ಗಿಸಿ ಚಕ್ರ ತಿರುಗಿಸೋದೇ ಅಲ್ಲಿನ ಕೆಲಸ. ಇವನ ಆಟ ಓಡೋ ಕರೆಂಟಿನಲ್ಲಿ ಅದರದ್ದೂ ಪಾಲು ಐತೆ. ಬೀರುವಿಗೆ ನಿಜವಾದ ಹಬೆ ಪ್ಲಗ್ಗಿನಿಂದ ಬರ್ತಾ ಐತೆ, ಸುಳ್ಳು ಹಬೆಯನ್ನ ಮೈಮೇಲೆ ಅಂಟಿಸಿಕೊಂಡೈತೆ. ಹುಡುಗ ಇದಕ್ಕೆ ಚೆನ್ನಾಗಿ ನಕ್ಕ.

ಆಟದ ಪೆಟ್ಟಿಗೆಗಳು ಮರದ ವೇಷ ಹಾಕೋದು ಹೊಸದೇನಲ್ಲ. ಅಮೆರಿಕದಲ್ಲಿ 1972ರಲ್ಲಿ ಪಾಂಗ್ ಅನ್ನೋ ಚೆಂಡಾಟ ಬಂದಾಗಲೇ ಅದನ್ನ ಹೋಟೆಲಿನಲ್ಲಿ ನಿಲ್ಲಿಸೋ ಪೆಟ್ಟಿಗೆ ಮಾಡಿದ್ದರು. ಅದೇ ಅಟಾರಿ ಕಂಪನಿ 1977ರಲ್ಲಿ ಮನೆಗೆ ಅಂತ ತಂದ ಆಟದ ಯಂತ್ರದ ಮುಖಕ್ಕೆ ಮರದ ಗೆರೆ ಥರದ ಪಟ್ಟಿ ಬಳಿದಿದ್ದರು, ನಡುಮನೆಯ ಸಾಮಾನಿನ ಜೊತೆ ಹೊಂದಲಿ ಅಂತ. ನಮ್ಮ ಹಳೇ ವಾಲ್ವ್ ರೇಡಿಯೋವೂ ಮರದ ಪೆಟ್ಟಿಗೆಯೇ ಅಲ್ವಾ. ಆದರೆ ರೇಡಿಯೋಗೆ ಮರ ಬೇಕಿತ್ತು, ಸದ್ದು ತುಂಬಿಕೊಳ್ತಿತ್ತು. ಇಲ್ಲೂ ಬೀರು ಸದ್ದು ತುಂಬಿಕೊಳ್ತೈತೆ. ಸ್ಪೀಕರನ್ನ ಕೆಳಗಿನ ಖಾನೆಯಲ್ಲಿ ಇಟ್ಟಿರೋದರಿಂದ ಆಟದ ಕೀಚಲು ಸದ್ದು ಸ್ವಲ್ಪ ದಪ್ಪವಾಗಿ, ತಂಬೂರಿ ಬುರುಡೆಯೊಳಗಿಂದ ಬಂದ ಹಾಗೆ ಬರ್ತೈತೆ. ಇದು ಅವನು ಬೇಕು ಅಂತ ಮಾಡಿದ್ದಲ್ಲ, ಆದರೂ ಬೀರುವಿನ ಅತ್ಯಂತ ಒಳ್ಳೇ ಗುಣ ಇದೇ ಅಂತ ನನ್ನ ಲೆಕ್ಕ.

ಈಗ ಬೀರುವಿನ ಎಡಮಗ್ಗುಲಿಗೆ ಬರ್ತೀನಿ. ಇಷ್ಟು ಬರೆಯೋಕೆ ಕೂತಿದ್ದೇ ಅದಕ್ಕೆ.

ಎಡಮಗ್ಗುಲಲ್ಲಿ ಮೇಲಿಂದ ಕೆಳಕ್ಕೆ ರಟ್ಟಿನ ಪಟ್ಟಿಗಳ ಒಂದು ಸರ ಇಳಿಬಿಟ್ಟವ್ನೆ. ಒಂದೊಂದು ಪಟ್ಟಿ ತುಂಬಾ ಸಾಲು ತೂತು. ನೋಡೋಕೆ ಚಂದ ಅಂತ ಗುಜರಿ ಅಂಗಡಿಯಿಂದ, ನಮ್ಮ ಕಡೆ ಕಾಯಲಾನ್ ಕಡೆ ಅಂತಾರಲ್ಲ ಅಲ್ಲಿಂದ, ಕಿಲೋ ಲೆಕ್ಕದಲ್ಲಿ ತಂದಿದ್ದಂತೆ. ಸೇಲಂ ದೇವಾಂಗರ ಬೀದಿ ನೋಡಿದವರಿಗೆ ಅದೇನು ಅಂತ ಹೇಳಬೇಕಾಗಿಲ್ಲ. ಅದು ಜಕಾರ್ಡ್ ಅಟ್ಟೆ. ಮಗ್ಗದ ನೆತ್ತಿ ಮೇಲೆ ಕೂರೋ ಜಕಾರ್ಡ್ ಪೆಟ್ಟಿಗೆಗೆ ಇದೇ ಬಾಯಿಪಾಠ. ಒಂದು ಅಟ್ಟೆ ಅಂದರೆ ಒಂದು ಹೊಕ್ಕು. ನೇಕಾರರು ಕಾಲುಮಣೆ ತುಳಿದಾಗ ಪೆಟ್ಟಿಗೆಯ ಸೂಜಿಗಳು ಅಟ್ಟೆ ಮೇಲೆ ಬಂದು ಒತ್ತುತವೆ. ತೂತು ಇರೋ ಕಡೆ ಸೂಜಿ ಒಳಕ್ಕೆ ಹೋಗ್ತೈತೆ, ಅದರ ಕೊಕ್ಕೆ ಸಿಕ್ಕಿಕೊಂಡು ಹಾಸಿನ ನೂಲು ಮೇಲಕ್ಕೆ ಏಳ್ತೈತೆ. ತೂತು ಇಲ್ಲದ ಕಡೆ ಸೂಜಿ ಹಿಂದಕ್ಕೆ ಸರೀತೈತೆ, ನೂಲು ಕೆಳಗೇ ಉಳೀತೈತೆ. ಲಾಳಿ ಓಡ್ತೈತೆ, ಮುಂದಿನ ಅಟ್ಟೆ ಹೊರಳ್ತೈತೆ. ಹಿಂಗೆ ನೂರಾರು ಅಟ್ಟೆ ಕಳೆದ ಮೇಲೆ ಸೀರೆ ಅಂಚಿನಲ್ಲಿ ಒಂದು ನವಿಲು ಕೂತಿರ್ತೈತೆ. ತೂತು ಐತೆ, ತೂತು ಇಲ್ಲ, ಎರಡೇ ಮಾತು. ಕಂಪ್ಯೂಟರಿನ ಭಾಷೆಯೂ ಈ ಎರಡೇ ಮಾತು ಅಂತ ಮಕ್ಕಳಿಗೆ ಶಾಲೇಲೇ ಹೇಳಿಕೊಡ್ತಾರೆ.

ಇದು ಬರೀ ಹೋಲಿಕೆಯಲ್ಲ, ವಂಶಾವಳಿ. ಜಕಾರ್ಡ್ ಅನ್ನೋ ಫ್ರಾನ್ಸಿನ ಲಿಯಾನ್ ಊರಿನವನು 1804ರ ಹೊತ್ತಿಗೆ ಈ ಪೆಟ್ಟಿಗೆ ತಯಾರು ಮಾಡಿದ. ಮೇಲೆ ಹೇಳಿದೆನಲ್ಲ ಬ್ಯಾಬೇಜ್, ಅವನು ತನ್ನ ದೊಡ್ಡ ಗಣಕಯಂತ್ರಕ್ಕೆ ಲೆಕ್ಕ ಉಣ್ಣಿಸೋಕೆ ಇದೇ ಥರದ ತೂತಿನ ಅಟ್ಟೆ ಇಟ್ಟುಕೊಂಡಿದ್ದ. ಜಕಾರ್ಡ್‌ನ ಮುಖವನ್ನೇ ಸುಮಾರು 24 ಸಾವಿರ ಅಟ್ಟೆ ಹಾಕಿ ರೇಷ್ಮೆಯಲ್ಲಿ ನೇಯ್ದ ಚಿತ್ರ ಬ್ಯಾಬೇಜ್ ಹತ್ತಿರ ಇತ್ತು. ಮಗ್ಗ ಹೂವು, ಎಲೆ ನೇಯೋ ಹಾಗೆ ಈ ಯಂತ್ರ ಬೀಜಗಣಿತ ನೇಯ್ತೈತೆ ಅನ್ನೋ ಅರ್ಥದ ಮಾತನ್ನ 1843ರಲ್ಲಿ ಏಡಾ ಲವ್‌ಲೇಸ್ ಅನ್ನೋ ಹೆಣ್ಣುಮಗಳು ಬರೆದಳು. 1890ರ ಅಮೆರಿಕದ ಜನಗಣತಿಯನ್ನೂ ಹಾಲರಿತ್ ಅನ್ನೋನು ತೂತಿನ ಅಟ್ಟೆಯಲ್ಲೇ ಎಣಿಸಿದ.

ಈಗ ನೋಡಿ. ಕಂಪ್ಯೂಟರಿಗೆ ಹಬೆಯ ಕಾಲದ ವೇಷ ಹಾಕಬೇಕು ಅಂತ ಹುಡುಗ ಹದಿನಾಲ್ಕು ಸತ್ತ ಚಕ್ರ ಹುಡುಕಿಕೊಂಡು ಎಲ್ಲೆಲ್ಲೋ ಅಲೆದ. ಕಂಪ್ಯೂಟರಿನ ನಿಜವಾದ ಅಜ್ಜ ಅವನ ಬೀದಿಯಲ್ಲೇ, ಕನ್ನಡ ಮಾತಾಡೋ ನೇಕಾರರ ಮನೇಲಿ, ಮೊನ್ನೆ ಮೊನ್ನೆವರೆಗೂ ಟಕಟಕ ಅಂತಿದ್ದ. ಅವನನ್ನ ಪರದೆ ಮಾಡಿ ಮಗ್ಗುಲಿಗೆ ನೇತುಹಾಕವ್ನೆ. ನನ್ನ ವಿಮರ್ಶೆಯ ದೊಡ್ಡ ಆಕ್ಷೇಪಣೆ ಇದೊಂದೇ. ಮುಖ್ಯವಾದದ್ದು ಮಗ್ಗುಲಲ್ಲಿ, ಒಣಜಂಭ ಮುಖದಲ್ಲಿ. ಹಿಮ್ಮೇಳದವನ ಕೈಗೆ ಕಥೆ ಕೊಟ್ಟು, ಮುಂದೆ ನಿಂತವನು ಬರೀ ಗೆಜ್ಜೆ ಕುಣಿಸಿದ ಹಾಗೆ.

ಏನು ಮಾಡಬೇಕು ಅಂತಲೂ ಹೇಳಿದೀನಿ, ಬರೀ ತಪ್ಪು ಎಣಿಸಿ ಎದ್ದು ಬರಲಿಲ್ಲ. ಚಕ್ರದಲ್ಲಿ ಹತ್ತು ತೆಗೆದುಹಾಕಲಿ. ಉಳಿದ ನಾಲ್ಕನ್ನ ಹಲ್ಲಿಗೆ ಹಲ್ಲು ಕಚ್ಚಿಸಿ, ಹಿಡಿಕೆ ಎಳೆದಾಗ ತಿರುಗೋ ಹಾಗೆ ಮಾಡಲಿ. ಮುಳ್ಳು ಮೀಟರಿಗೆ ಒಳಗಿನ ಬಿಲ್ಲೆಯ ಬಿಸಿ ತೋರಿಸೋ ಕೆಲಸ ಕೊಡಲಿ, ಫ್ಯಾನು ನಿಂತರೆ ಗೊತ್ತಾಗ್ತೈತೆ. ಅಟ್ಟೆ ಸರವನ್ನ ಪರದೆಯ ಕೆಳಗೆ, ಆಡೋನ ಕಣ್ಣಿಗೆ ಬೀಳೋ ಜಾಗದಲ್ಲಿ ಹಾಸಿ ಗಾಜು ಮುಚ್ಚಲಿ. ಇದಕ್ಕೆಲ್ಲಾ ತಲೆಯಾಡಿಸಿದ. ಇನ್ನೊಂದು ಕೇಳಿದ, ನಮ್ಮ ಮನೆ ಅಟ್ಟದಲ್ಲಿರೋ ಕಾಲು ಹಾರ್ಮೋನಿಯಂ ಕೊಡು ತಾತ, ಎರಡನೇ ಪೆಟ್ಟಿಗೆ ಮಾಡ್ತೀನಿ ಅಂತ. ಅದರ ತಿದಿ ಹರಿದು ಬಹಳ ವರ್ಷ ಆಗೈತೆ, ಸ್ವರ ಮಾತ್ರ ಇನ್ನೂ ಅವೆ. ಕೊಡಲ್ಲ ಅಂದೆ. ಬೀರು ಆಟ ಆಡಿಸಿದರೂ ಬೀರುವಾಗೇ ಉಳೀತೈತೆ, ಒಳಗೆ ಏನನ್ನೋ ಇಟ್ಟುಕೊಳ್ಳೋದು ಅದರ ಧರ್ಮ. ಹಾರ್ಮೋನಿಯಂ ಹೊಟ್ಟೆ ಬಗೆದರೆ ಅದು ಮತ್ತೆ ಹಾರ್ಮೋನಿಯಂ ಆಗಲ್ಲ. ತಿದಿ ಹೊಲಿಸಿಕೊಡು, ಆಮೇಲೆ ಮಾತಾಡಾಣ ಅಂದಿದೀನಿ.

ನಾನು ಹೊರಡೋ ದಿನ ಬೀದಿಯ ಒಬ್ಬ ದೇವಾಂಗ ಅಣ್ಣನವರನ್ನ ಕರೆದುಕೊಂಡು ಬಂದು ಪೆಟ್ಟಿಗೆ ತೋರಿಸಿದೆ. ಎಪ್ಪತ್ತೈದು ದಾಟಿದವರು, ಮಗ್ಗ ಮಾರಿ ನಾಲ್ಕು ವರ್ಷವಾಯಿತು. ಆಟ, ಬಲ್ಬು, ಚಕ್ರ ಯಾವುದನ್ನೂ ಅವರು ನೋಡಲಿಲ್ಲ. ಮಗ್ಗುಲಿಗೆ ಹೋಗಿ ಅಟ್ಟೆ ಮೇಲೆ ಬೆರಳು ಇಟ್ಟು ಮೇಲಿಂದ ಕೆಳಕ್ಕೆ ಸವರಿದರು. ಕಣ್ಣು ಅಷ್ಟು ಕಾಣಲ್ಲ ಅವರಿಗೆ.

"ಇದು ನಮ್ಮದೇ ಕಣಪ್ಪ. ಮಾಂಗಾ ಅಂಚು" ಅಂದರು.

"ತಾತ, ಇದನ್ನ ಓದಬೌದಾ?" ಅಂದ ಹುಡುಗ.

ಅವರು ಉತ್ತರ ಹೇಳಲಿಲ್ಲ, ಇನ್ನೊಂದು ಸಲ ಸವರಿದರು. "ಹನ್ನೊಂದು ಕಮ್ಮಿ ಅವೆ. ಮಾಂಗಾಕ್ಕೆ ತೊಟ್ಟೇ ಇಲ್ಲ" ಅಂದರು.

ಬೀರುವಿನ ಎತ್ತರಕ್ಕೆ ಸರಿಹೋಗಲಿ ಅಂತ ಹುಡುಗ ಕೆಳಗಿನಿಂದ ಕತ್ತರಿಸಿದ್ದ. ಸ್ಪೀಕರ್ ಅಲುಗಾಡದ ಹಾಗೆ ಅಡಿಗೆ ಮಡಚಿ ಇಟ್ಟಿದ್ದ ಏಳು ಅಟ್ಟೆ ಸಿಕ್ಕವು. ನಾಲ್ಕು ಕಸಕ್ಕೆ ಹೋಗಿದ್ದವು. ಆ ನಾಲ್ಕನ್ನ ಹೊಸ ರಟ್ಟಿನಲ್ಲಿ ಹೊಡೆದುಕೊಡ್ತೀನಿ, ಭಾನುವಾರ ಬರ್ತೀನಿ, ತೂತು ಹೊಡೆಯೋ ಉಳಿ ಇನ್ನೂ ಮಾರಿಲ್ಲ ಅಂತ ಅಣ್ಣನವರು ಹೇಳಿ ಹೋದರು.